ನೂರಾ ಹದಿನೆಂಟು ದಿನದ ಬ್ಯಾಟರಿ

ಅರ್ಧ ಇಂಚು ಮಾಸ್ಟರ್ ಎಲ್ಲಿ ಎಂದು ಕೇಳಿದರೆ ಆ ಬೀದಿಯಲ್ಲಿ ಮಗುವೂ ಬೆರಳು ಮಾಡಿ ತೋರಿಸುತ್ತಿತ್ತು. ಅವರ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲೆ ಇತ್ತಂತೆ. ಆದರೆ ಬೋರ್ಡು ಬಣ್ಣ ಕಳೆದುಕೊಂಡು ಎಷ್ಟೋ ವರ್ಷವಾಗಿತ್ತು. ಮೂವತ್ತೆರಡು ವರ್ಷದಿಂದ ಹೊಲಿಗೆಯ ಕೆಲಸ. ಕೋಟಾಗಲಿ, ಷರಾಯಾಗಲಿ, ಕೈಗೆ ಕೊಡುವಾಗ ಒಂದೇ ಮಾತು: "ಅರ್ಧ ಇಂಚು ಒಳಗೆ ಬಿಟ್ಟಿದೀನಿ. ನಾಳೆ ದಪ್ಪ ಆದ್ರೆ ಬನ್ನಿ, ಬಿಚ್ಚಿ ಕೊಡ್ತೀನಿ." ಜಗತ್ತಿನಲ್ಲಿ ಅಳತೆಗೆ ಸಿಗದ ವಸ್ತುವೇ ಇಲ್ಲ, ಮತ್ತು ಅಳತೆಯಲ್ಲಿ ತಾನು ತಪ್ಪುವುದೇ ಇಲ್ಲ ಎಂಬುದು ಮಾಸ್ಟರರ ಸಿದ್ಧಾಂತ. ಸಿದ್ಧಾಂತ ಇಟ್ಟುಕೊಂಡವರಿಗೆ ಏನಾಗುತ್ತದೋ ಅದೇ ಅವರಿಗೂ ಆಯಿತು.

ಅಂಗಡಿಯ ಹಿಂದೆಯೇ ಮನೆ. ಮಿಷನ್ನಿನ ಕೆಲಸ ಮಾಸ್ಟರದು. ಗುಂಡಿ ಹಾಕುವುದು, ಗುಂಡಿ ತೂರುವ ಕಾಜಾ ಹೊಲಿಯುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು ಹೆಂಡತಿಯದು. ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಆಕೆ ಕೂತರೆ ಅದು ಆಕೆಯ ಕಚೇರಿ. ತೊಂದರೆ ಒಂದೇ: ಆ ಬೀದಿಯಲ್ಲಿ ದಿನಾ ಸಂಜೆ ಆರಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಬರುವ ಹೊತ್ತು ಕರೆಂಟಿನವರಿಗೂ ಗೊತ್ತಿರಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಕಾಜಾ ಹೊಲಿದು ಹೊಲಿದು ಆಕೆಯ ಬೆರಳೆಲ್ಲ ಸೂಜಿ ಚುಚ್ಚಿದ ಗುರುತು.

ಹೀಗಿರುವಾಗ ಆಕೆಯ ಅಕ್ಕ ಮೆಟ್ಟಿಲಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆಕೆ ಬಟ್ಟೆ ತುಂಬಿದ ಚೀಲ ಹಿಡಿದು ಸಂಜೆ ಬಸ್ಸಿಗೆ ಹೊರಟ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. "ಬೆಳಕಿರೋ ಮನೇಲಿ ಒಂದಷ್ಟು ದಿನ ಇದ್ದು ಬರ್ತೀನಿ ಬಿಡಿ" ಎಂದು ನಕ್ಕು ಹೋದಳು. ನಕ್ಕಿದ್ದು ಕತ್ತಲಲ್ಲಿ ಕಾಣಲಿಲ್ಲ. ಮಾಸ್ಟರಿಗೆ ಮಾತು ಮಾತ್ರ ಕೇಳಿಸಿತು.

ಅಲ್ಲಿಂದ ಅವರ ಎದೆಯಲ್ಲಿ ಒಂದು ಸೂಜಿ ಸಿಕ್ಕಿಕೊಂಡಿತು. "ಬೇಗ ಬಾ" ಎಂದು ಹೇಳೋಣವೆಂದರೆ ಅಂಥ ಮಾತಾಡಿ ಅವರಿಗೆ ರೂಢಿಯಿಲ್ಲ. ಮದುವೆಯಾದ ಹೊಸತರಲ್ಲೂ ಆಡಿದವರಲ್ಲ. ಈಗ ತಲೆ ನರೆತ ಮೇಲೆ ಎಲ್ಲಿಂದ ಶುರು ಮಾಡುವುದು? ಅದಕ್ಕೆ ದಿನಾ ಫೋನು ಮಾಡಿ, "ಕಪ್ಪು ಗುಂಡಿ ಡಬ್ಬಿ ಎಲ್ಲಿಟ್ಟಿದೀಯ?" ಎನ್ನುತ್ತಿದ್ದರು. ಡಬ್ಬಿ ಕಣ್ಣೆದುರೇ ಇರುತ್ತಿತ್ತು. ಮರುದಿನ ಕತ್ತರಿ, ಅದರ ಮರುದಿನ ಬಿಳಿ ದಾರ, ಆಮೇಲೆ ಬೀಗದ ಕೈ, ಉಪ್ಪಿನ ಜಾಡಿ. ಮೂರು ತಿಂಗಳು ಕಳೆಯುವ ಹೊತ್ತಿಗೆ ಆ ಮನೆಯಲ್ಲಿ ಕಳೆದುಹೋಗಲು ಇನ್ನೇನೂ ಉಳಿದಿರಲಿಲ್ಲ. ಮತ್ತೆ ಕಪ್ಪು ಗುಂಡಿಯ ಡಬ್ಬಿಯಿಂದಲೇ ಆರಂಭಿಸಬೇಕಾಯಿತು.

ಆಗ ಅವರಿಗೆ ಹೊಳೆದದ್ದು ಸೋಲಾರ್. ಮನೆಯಲ್ಲಿ ಬೆಳಕಿದ್ದರೆ ಬೆಳಕಿಗಾಗಿ ಹೋದವಳು ಬಂದೇ ಬರುತ್ತಾಳೆ. ಇಷ್ಟು ಸರಳವಾದ ಲೆಕ್ಕ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತ, ಕೊರಳಲ್ಲಿ ಟೇಪು ಹಾಕಿಕೊಂಡೇ ಮುಖ್ಯ ರಸ್ತೆಯ ಸೋಲಾರ್ ಅಂಗಡಿಗೆ ಹೋದರು.

ಅಂಗಡಿಯಲ್ಲಿ ಒಬ್ಬ ಎಂಜಿನಿಯರ್ ಹೆಣ್ಣುಮಗಳು ಫಾರಂ ಹಿಡಿದು ಕೂತಿದ್ದಳು. "ಎಷ್ಟು ದೊಡ್ಡ ಬ್ಯಾಟರಿ ಬೇಕು ಸರ್?" ಎಂದಳು. ಮಾಸ್ಟರ್ ಟೇಪು ತೆಗೆದು ಎದುರಿಗಿದ್ದ ಬ್ಯಾಟರಿಯ ಸೊಂಟ ಅಳೆಯತೊಡಗಿದರು.

"ಹಾಗಲ್ಲ ಸರ್, ಅದಕ್ಕೆ ಬೇರೆ ಲೆಕ್ಕ ಇದೆ. ಮನೇಲಿ ಏನೇನು ಉರಿಯುತ್ತೆ, ದಿನಕ್ಕೆ ಎಷ್ಟು ಗಂಟೆ, ಅದನ್ನ ಹೇಳಿ."

"ಗೊತ್ತಮ್ಮ, ಗೊತ್ತು. ಸುಮ್ನೆ ನೋಡ್ದೆ," ಎಂದು ಟೇಪು ಸುತ್ತಿಕೊಂಡರು.

ಹೊಲಿಗೆ ಮಿಷನ್ನಿನ ಮೋಟರು ನಾಲ್ಕು ಗಂಟೆ. ಫ್ಯಾನು ಐದು ಗಂಟೆ. ರೇಡಿಯೋ ಎರಡು ಗಂಟೆ. ಬಲ್ಬು ನಾಲ್ಕು.

"ನಾಲ್ಕರಲ್ಲಿ ಒಂದು ಕಿಟಕಿ ಪಕ್ಕದ ಸ್ಟೂಲಿನ ನೆತ್ತಿ ಮೇಲೆ ಬರ್ಬೇಕು," ಎಂದರು ಮಾಸ್ಟರ್. "ನೆರಳು ಕೈ ಮೇಲೆ ಬೀಳ್ಬಾರದು."

"ಅದು ಎಷ್ಟು ಗಂಟೆ ಉರೀಬೇಕು?"

"ಅವಳು ಸಾಕು ಅನ್ನೋವರೆಗೆ."

"ಗಂಟೇಲಿ ಹೇಳಿ ಸರ್."

"ಐದು ಹಾಕ್ಕೊಳಮ್ಮ."

ಅವಳು ಕೂಡಿದಳು. "ದಿನಕ್ಕೆ ಒಂಬೈನೂರು ವ್ಯಾಟ್ ಅವರ್. ಹನ್ನೆರಡು ವೋಲ್ಟಿಂದ ಭಾಗಿಸಿದ್ರೆ ಎಪ್ಪತ್ತೈದು. ಆದ್ರೆ ಬ್ಯಾಟರೀನ ಪೂರ್ತಿ ಖಾಲಿ ಮಾಡಬಾರದು ಸರ್. ಅರ್ಧ ಒಳಗೇ ಉಳೀಬೇಕು, ಇಲ್ದಿದ್ರೆ ಬೇಗ ಕೆಟ್ಟು ಹೋಗತ್ತೆ. ಅದಕ್ಕೆ ಒಂದು ದಿನಕ್ಕೆ ಎಪ್ಪತ್ತೈದರ ಬದಲು ನೂರೈವತ್ತರ ಒಂದು ಬ್ಯಾಟರಿ."

ಮಾಸ್ಟರ್ ತೊಡೆ ತಟ್ಟಿಕೊಂಡರು. "ಒಳಗೆ ಬಿಡೋದು! ನಮ್ಮಲ್ಲಿ ಅರ್ಧ ಇಂಚು, ನಿಮ್ಮಲ್ಲಿ ಅರ್ಧ ಬ್ಯಾಟರಿ! ವಿದ್ಯೆ ಅಂದ್ಮೇಲೆ ಎಲ್ಲ ಒಂದೇ ನೋಡಮ್ಮ."

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆದರೆ ಆಗ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ ಬಲ್ಬು ಆರಿಸುತ್ತಿದ್ದರು. ಆಕೆ ಒಂದೊಂದೇ ಹೊತ್ತಿಸಿ ತನ್ನ ಅಂಗೈ ನೋಡಿಕೊಳ್ಳುವುದು, "ಇದು ಕಣ್ಣಿಗೆ ಹಿತ" ಎನ್ನುವುದು. ಆತ "ನಿಂಗೆ ಹಿತ ಆದ್ರೆ ಸರಿ" ಎನ್ನುವುದು. ಮಾಸ್ಟರ್ ಅದನ್ನೇ ನೋಡುತ್ತ ನಿಂತುಬಿಟ್ಟರು. ಎಂಜಿನಿಯರಮ್ಮನ ಫೋನು ಬಡಿದುಕೊಳ್ಳುತ್ತಿತ್ತು. ಅವಳು ಅವಸರದಲ್ಲಿ ಕೊನೆಯ ಪ್ರಶ್ನೆಯನ್ನು ತುಂಡರಿಸಿ ಕೇಳಿದಳು:

"ಬೆಳಕಿಲ್ಲದೆ ಎಷ್ಟು ದಿನ ಸರ್?"

"ನೂರಾ ಹದಿನೆಂಟು," ಎಂದರು ಮಾಸ್ಟರ್.

"ಸರ್?"

"ನೂರಾ ಹದಿನೆಂಟು ದಿನ."

ಅವಳ ಪೆನ್ನು ಗಾಳಿಯಲ್ಲೇ ನಿಂತಿತು. "ಸಾಮಾನ್ಯವಾಗಿ ಎಲ್ಲರೂ ಎರಡು ದಿನ ಅಂತಾರೆ ಸರ್. ಹೆಚ್ಚು ಅಂದ್ರೆ ಮೂರು."

"ಎರಡು ದಿನ ಯಾರು ಬೇಕಾದ್ರೂ ತಡ್ಕೋತಾರಮ್ಮ."

"ಅಷ್ಟು ದಿನ ಅಂತ ಖಂಡಿತ ಗೊತ್ತಾ ಸರ್ ನಿಮಗೆ?"

ಮಾಸ್ಟರಿಗೆ ಇದರಿಂದ ಸ್ವಲ್ಪ ನೋವಾಯಿತು. "ಅಳತೇಲಿ ನಾನು ತಪ್ಪಲ್ಲ," ಎಂದರು. ಕಣ್ಣು ಒರೆಸಿಕೊಂಡರು. ಗ್ರಾಹಕರಿಗೆ ಎದುರಾಡಬಾರದು ಎಂಬ ಹಲಗೆ ಅವಳ ತಲೆಯ ಮೇಲೆಯೇ ತೂಗುತ್ತಿತ್ತು. ಅವಳು ಬರೆದಳು: ನೂರೈವತ್ತರ ಬ್ಯಾಟರಿ, ನೂರಾ ಹದಿನೆಂಟು. "ಇಷ್ಟು ಇಡೋಕೆ ಜಾಗ ಇದೆಯಾ ಅಂತ ನಾಡಿದ್ದು ಬಂದು ನೋಡ್ತೀನಿ," ಎಂದು ಚೀಟಿ ಹರಿದು ಕೊಟ್ಟಳು. ಮಾಸ್ಟರ್ ಕನ್ನಡಕ ಮರೆತು ಬಂದಿದ್ದರು. ಅದನ್ನು ಹೇಳಿಕೊಳ್ಳುವುದು ಮರ್ಯಾದೆಯಲ್ಲ. ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಸರಿಯಾಗಿದೆ" ಎಂದು ತಲೆಯಾಡಿಸಿ ಜೇಬಿಗೆ ಹಾಕಿಕೊಂಡರು.

ಅವರ ಬೆನ್ನ ಹಿಂದೆ, ರಿಪೇರಿಗೆ ತಂದ ದೀಪ ಕೈಯಲ್ಲಿ ಹಿಡಿದು, ಅದೇ ಬೀದಿಯ ಲಾಂಡ್ರಿಯವನು ಬಾಯಿ ಬಿಟ್ಟುಕೊಂಡು ನಿಂತಿದ್ದ.

ಲಾಂಡ್ರಿಯವನ ಸ್ಥಿತಿಯನ್ನು ಓದುಗರು ಅರ್ಥಮಾಡಿಕೊಳ್ಳಬೇಕು. ಬಟ್ಟೆ ಒಗೆಯುವುದು ಅವನ ಕೈಯಲ್ಲಿತ್ತು, ಒಣಗಿಸುವುದು ಸೂರ್ಯನ ಕೈಯಲ್ಲಿ. ನೂರಾ ಹದಿನೆಂಟು ದಿನ ಬೆಳಕಿಲ್ಲ ಎಂದರೆ ಅವನ ಪಾಲಿಗೆ ಅದು ಪ್ರಳಯ. ಹೇಳಿದವರು ಯಾರು? ಎಂದೂ ಅಳತೆ ತಪ್ಪದ ಮಾಸ್ಟರ್. ಆ ಮಾಸ್ಟರ್ ಹೋದ ವಾರವಷ್ಟೇ ಯಾರ ಕೋಟು ಹೊಲಿದು ಕೊಟ್ಟರು? ಹವಾಮಾನ ಇಲಾಖೆಯ ಸಾಹೇಬರದು! ಎರಡಕ್ಕೆರಡು ಕೂಡಿಸಿ ಲಾಂಡ್ರಿಯವನು ಓಟ ಕಿತ್ತ.

ಮಧ್ಯಾಹ್ನದೊಳಗೆ ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಹಾಸಿಗೆ, ಕಂಬಳಿ, ದಿಂಬು, ಪರದೆ, ಮೂರು ವರ್ಷದಿಂದ ಬೆಳಕು ಕಾಣದ ಟ್ರಂಕುಗಳು, ಎಲ್ಲವೂ ಬಿಸಿಲಿಗೆ. ಬೇಕರಿಯವನು ಇದ್ದಬದ್ದ ಸೌದೆಯನ್ನೆಲ್ಲ ರಸ್ತೆಗೆ ಹರಡಿದ. ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ವಾರಗಿತ್ತಿಯರು ಒಂದೇ ಹಗ್ಗದ ಎರಡು ತುದಿ ಹಿಡಿದು ಕಟ್ಟಿದರು. ತೊಂಬತ್ತು ದಾಟಿದ ಒಬ್ಬ ಅಜ್ಜ, "ಇರೋಷ್ಟು ಹೊತ್ತು ನೋಡ್ಕೊಂಡ್ ಬಿಡ್ತೀನಿ" ಎಂದು ಕುರ್ಚಿ ಹಾಕಿಸಿಕೊಂಡು ಸೂರ್ಯನಿಗೆ ಮುಖಮಾಡಿ ಕೂತರು.

ಎದುರುಮನೆಯ ಹೆಡ್‌ಮೇಡಂ ಮಾತ್ರ ಸುಲಭಕ್ಕೆ ನಂಬುವವರಲ್ಲ. ಇಪ್ಪತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಸುಳ್ಳು ಹೇಳುವ ಮುಖ ಯಾವುದು ಎಂದು ನೋಡಿದರೇ ತಿಳಿಯುತ್ತಿತ್ತು. ನೇರವಾಗಿ ಅಂಗಡಿಗೆ ಬಂದು ಕತ್ತರಿಸುವ ಮೇಜಿನ ಮೇಲೆ ಕೈಯೂರಿ ನಿಂತರು.

"ಮಾಸ್ಟರ್, ನೂರಾ ಹದಿನೆಂಟು ದಿನ ಅಂತೆ. ಹೌದಾ?"

ಮಾಸ್ಟರಿಗೆ ಕಿವಿಯೆಲ್ಲ ಬಿಸಿಯಾಯಿತು. ತಾವು ದಿನ ಎಣಿಸುತ್ತಿರುವುದು ಇವರಿಗೆ ಹೇಗೆ ತಿಳಿಯಿತು? "ನಿಮಗ್ಯಾರು ಹೇಳಿದ್ರು ಮೇಡಂ?"

"ಬೀದಿಗೆಲ್ಲ ಗೊತ್ತಾಗಿದೆ."

"ಅಯ್ಯೋ! ದಯವಿಟ್ಟು ಇನ್ಯಾರಿಗೂ ಹೇಳ್ಬೇಡಿ ಮೇಡಂ. ನಗ್ತಾರೆ."

"ನಗೋ ವಿಷಯಾನಾ ಇದು?" ಮೇಡಂ ಧ್ವನಿ ತಗ್ಗಿಸಿದರು. "ತಡ್ಕೊಳೋಕೆ ಆಗತ್ತಾ?"

"ಮೊದಮೊದಲು ಅಭ್ಯಾಸ ಆಗತ್ತೆ ಅನ್ಸತ್ತೆ. ಆಗಲ್ಲ ಮೇಡಂ. ಬೆಳಿಗ್ಗೆ ಎದ್ದ ಕೂಡಲೆ ಗೊತ್ತಾಗತ್ತೆ, ಇಲ್ಲ ಅಂತ. ಊಟ ರುಚಿಸಲ್ಲ. ಬಟ್ಟೆ ಬಣ್ಣಾನೇ ಬೇರೆ ಥರ ಕಾಣತ್ತೆ."

ಮೇಡಂ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದರು. "ಮತ್ತೆ ಬರೋದು ಯಾವಾಗ?"

"ಅದೆಲ್ಲ ಮೂಳೆ ಕೂಡೋದರ ಮೇಲಿದೆ," ಎಂದರು ಮಾಸ್ಟರ್, ನಿಟ್ಟುಸಿರು ಬಿಟ್ಟು.

ಸೂರ್ಯನಿಗೂ ಮೂಳೆಗೂ ಏನು ಸಂಬಂಧವೆಂದು ಮೇಡಂ ಕೇಳಲಿಲ್ಲ. ಅವರು ಕಲಿಸಿದ್ದು ಇತಿಹಾಸ; ವಿಜ್ಞಾನ ಎಲ್ಲಿಗೆ ಮುಟ್ಟಿದೆಯೋ ಯಾರಿಗೆ ಗೊತ್ತು. ಆದರೆ ಮಾಸ್ಟರರ ಮುಖ ಸುಳ್ಳು ಹೇಳುವ ಮುಖವಾಗಿರಲಿಲ್ಲ. ಎದ್ದು ಮನೆಗೆ ಹೋಗಿ, ಅವರೂ ಹಾಸಿಗೆ ಹೊರಗೆ ಹಾಕಿದರು. ಮೇಡಂ ಹಾಸಿಗೆ ಹೊರಬಿದ್ದದ್ದೇ ತಡ, ಅನುಮಾನವಿದ್ದವರದೂ ಹೊರಬಿತ್ತು.

ಸುದ್ದಿ ಬೀದಿಯಲ್ಲಿ ನಿಲ್ಲಲಿಲ್ಲ. ಲಾಂಡ್ರಿಯವನ ಷಡ್ಡಕ ದೂರದ ಊರಿಗೆ ಬಸ್ಸು ಓಡಿಸುತ್ತಿದ್ದ. ಅವನು ಒಂದೊಂದು ನಿಲ್ದಾಣದಲ್ಲೂ ಅದನ್ನು ಇಳಿಸುತ್ತ ಹೋದ. ಹವಾಮಾನ ಕಚೇರಿಯ ಮುಂದೆ ಜನ ಸಾಲುಗಟ್ಟಿ, ಸೂರ್ಯನನ್ನು ಎಂದಿನಿಂದ ನಿಲ್ಲಿಸುತ್ತೀರಿ, ಮೊದಲೇ ಯಾಕೆ ಪ್ರಕಟಣೆ ಕೊಡಲಿಲ್ಲ ಎಂದು ಕೇಳತೊಡಗಿದರು. ಮಾಸ್ಟರಿಗೆ ಇದಾವುದೂ ತಿಳಿಯದು. ಅಂದು ಸಂಜೆ ಫೋನು ಮಾಡಿದರೆ ಹೆಂಡತಿ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮಾಸ್ಟರ್ ಒಂದು ಅಂಗಿಗೆ ಎರಡೂ ಎಡದ ತೋಳು ಹೊಲಿದು, ಬಿಚ್ಚಿ, ಮತ್ತೆ ಎರಡೂ ಬಲದ ತೋಳು ಹೊಲಿದರು.

ಮೂರನೆಯ ದಿನ ಬೆಳಿಗ್ಗೆ ಎಂಜಿನಿಯರಮ್ಮ ಜಾಗ ನೋಡಲು ಬಂದಳು. ಅಡುಗೆಮನೆ ನೋಡಿದಳು, ಮಂಚದ ಕೆಳಗೆ ನೋಡಿದಳು, ಬಚ್ಚಲು ನೋಡಿದಳು. "ಸರ್, ಮನೆ ಪೂರ್ತಿ ಖಾಲಿ ಮಾಡಿ ನೀವು ಹೊರಗೆ ಮಲಗಿದ್ರೂ ಎಂಬತ್ತೇ ಹಿಡಿಯೋದು," ಎಂದಳು.

"ಎಂಬತ್ತು ಏನಮ್ಮ?"

ಅವಳು ಉತ್ತರ ಕೊಡುವಷ್ಟರಲ್ಲಿ ಅಂಗಡಿಯ ಮುಂದೆ ಗದ್ದಲವೆದ್ದಿತು. ಹವಾಮಾನ ಇಲಾಖೆಯ ಸಾಹೇಬರು ಮಾಸ್ಟರ್ ಹೊಲಿದ ಕೋಟನ್ನೇ ತೊಟ್ಟು, ಕೆಂಡಾಮಂಡಲವಾಗಿ ನಿಂತಿದ್ದರು. ಅವರ ಹಿಂದೆ ಇಡೀ ಬೀದಿ.

"ಏನ್ರೀ ಮಾಸ್ಟರ್! ಸೂರ್ಯ ಹುಟ್ಟಲ್ಲ ಅಂತ ನಾನು ನಿಮಗೆ ಹೇಳಿದ್ನಾ?"

"ಇಲ್ಲ ಸಾರ್. ಕಂಕುಳು ಬಿಗಿ ಅಂತ ಮಾತ್ರ ಹೇಳಿದ್ರಿ."

"ಮತ್ತೆ ಈ ನೂರಾ ಹದಿನೆಂಟು ದಿನದ ಕತ್ತಲೆ ಎಲ್ಲಿಂದ ಬಂತು? ಎರಡು ದಿನದಿಂದ ನನ್ನ ಆಫೀಸಿಗೆ ನಾನೇ ಹೋಗೋಕಾಗ್ತಿಲ್ಲ! ಮೇಲಿನವರು ಲಿಖಿತ ಉತ್ತರ ಕೇಳಿದಾರೆ. ಏನಂತ ಬರೀಲಿ? ನಮ್ಮ ದರ್ಜಿ ಹೇಳಿದಾನೆ ಅಂತ ಬರೀಲಾ?"

ಎಂಜಿನಿಯರಮ್ಮ ಗಾಬರಿಯಿಂದ ತನ್ನ ಫಾರಂ ಮುಂದೆ ಮಾಡಿದಳು. "ಇಲ್ಲೇ ಇದೆ ಸರ್. ಎಷ್ಟು ದಿನ ಬಿಸಿಲಿಲ್ಲದೆ ಬ್ಯಾಟರಿ ತಡೀಬೇಕು ಅಂತ ಕೇಳ್ದೆ. ಇವರು ನೂರಾ ಹದಿನೆಂಟು ಅಂದ್ರು. ಅದಕ್ಕೆ ನೂರಾ ಹದಿನೆಂಟು ಬ್ಯಾಟರಿ ಬರ್ದೆ."

"ಬಿಸಿಲಾ?" ಮಾಸ್ಟರ್ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಹೊರಗೆ ಹರಡಿದ್ದ ಹಾಸಿಗೆ, ಸೌದೆ, ಕುರ್ಚಿಯಲ್ಲಿ ಕೂತಿದ್ದ ಅಜ್ಜ, ಎಲ್ಲ ಈಗ ಮೊದಲ ಸಲ ಕಂಡಂತೆ ಕಂಡವು. "ನೀನು ಬೆಳಕು ಅಂದ್ಯಲ್ಲಮ್ಮ..."

"ಬೆಳಕು ಅಂದ್ರೆ ಬಿಸಿಲೇ ಅಲ್ವಾ ಸರ್?"

ಈಗ ಮಾಸ್ಟರ್ "ಲೆಕ್ಕ ತಪ್ಪಿತು, ಕ್ಷಮಿಸಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೂವತ್ತೆರಡು ವರ್ಷ ಲೆಕ್ಕ ತಪ್ಪದವನ ಬಾಯಲ್ಲಿ ಆ ಮಾತು ಹೊರಳಲಿಲ್ಲ. ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಸಾರ್, ಸೂರ್ಯನ ಮಾತು ನಂಗೊತ್ತಿಲ್ಲ. ನನ್ನ ಹೆಂಡತಿ ಅಕ್ಕನ ಮನೆಗೆ ಹೋಗಿ ಅವತ್ತಿಗೆ ನೂರಾ ಹದಿನೆಂಟು ದಿನ ಆಗಿತ್ತು. ನಂಗೆ ಕೇಳಿಸಿದ್ದು ಅದು. ನಾನು ಹೇಳಿದ್ದೂ ಅದೇ." ಒಮ್ಮೆ ಕೆಮ್ಮಿದರು. "ಇವತ್ತಿಗೆ ನೂರಾ ಇಪ್ಪತ್ತು."

ಸಾಹೇಬರು ಕೋಪ ಮಾಡಿಕೊಳ್ಳಲು ಎತ್ತಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿನಲ್ಲಿಟ್ಟುಕೊಂಡರು. ಲಾಂಡ್ರಿಯವನು ಮೂಗು ಸೇದಿದ. ಆಗ ಗುಂಪಿನ ಹಿಂದಿನಿಂದ ಒಂದು ಧ್ವನಿ ಕೇಳಿಸಿತು.

"ನೂರಾ ಹತ್ತೊಂಬತ್ತೂವರೆ."

ಜನ ಸರಿದು ದಾರಿ ಬಿಟ್ಟರು. ಕೈಯಲ್ಲಿ ಚೀಲ ಹಿಡಿದು ಮಾಸ್ಟರರ ಹೆಂಡತಿ ನಿಂತಿದ್ದಳು. "ನಾನು ಹೋಗಿದ್ದು ಸಂಜೆ ಬಸ್ಸಿಗೆ. ಈಗಿನ್ನೂ ಬೆಳಿಗ್ಗೆ. ನೂರಾ ಇಪ್ಪತ್ತು ಹೇಗಾಗತ್ತೆ?"

ಅಳತೆಯಲ್ಲಿ ತಪ್ಪು ಹಿಡಿದದ್ದಕ್ಕೆ ಮನುಷ್ಯನೊಬ್ಬ ಅಷ್ಟು ಸಂತೋಷಪಟ್ಟದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.

ಹೆಡ್‌ಮೇಡಂ ಎಲ್ಲರನ್ನೂ ತರಗತಿಯಿಂದ ಓಡಿಸುವಂತೆ ಓಡಿಸಿದರು. ಸಾಹೇಬರು ಹೋಗುವಾಗ, "ಹೆಂಡತಿ ಬಂದಿದಾರೆ, ಸೂರ್ಯ ಎಂದಿನಂತೆ ಇರ್ತಾನೆ ಅಂತ ಬರ್ದು ಹಾಕ್ತೀನಿ" ಎಂದರು. ತಮಾಷೆಗೆ ಅಂದರೋ ನಿಜವಾಗಿ ಅಂದರೋ, ಸರ್ಕಾರಿ ಮುಖದಲ್ಲಿ ತಿಳಿಯಲಿಲ್ಲ. ಅಜ್ಜ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ. ಅವರಿಗೆ ಬಿಸಿಲು ರುಚಿಸಿಬಿಟ್ಟಿತ್ತು.

ಒಳಗೆ ಬಂದು ಹೆಂಡತಿ ಚೀಲ ಇಟ್ಟಳು. "ಬಸ್ಸಿನ ಡ್ರೈವರು, ಯಾರೋ ಹೊಲಿಗೆ ಮಾಸ್ಟರಿಗೆ ತಲೆ ಕೆಟ್ಟಿದೆ, ಮನೆ ತುಂಬ ಬ್ಯಾಟರಿ ತುಂಬ್ಕೋತಿದಾನೆ ಅಂತ ಹೇಳ್ತಿದ್ನಂತೆ. ಅರ್ಧ ಇಂಚು ಅಂತ ಹೆಸರು ಅಂದ ಕೂಡ್ಲೆ ಎದೆ ಧಸಕ್ಕಂತು. ಫೋನು ನೋಡಿದ್ರೆ ನೀರಿಗೆ ಬಿದ್ದು ಕೆಟ್ಟಿತ್ತು. ಅಕ್ಕನ್ನ ಪಕ್ಕದ ಮನೆಯೋರ ಕೈಲಿ ಒಪ್ಪಿಸಿ ಓಡಿ ಬಂದೆ. ಏನ್ರೀ ಇದೆಲ್ಲ?"

"ಬೆಳಕಿರೋ ಮನೆಗೆ ಹೋಗ್ತೀನಿ ಅಂದ್ಯಲ್ಲ."

"ತಮಾಷೆಗೆ ಅಂದೆ ಕಣ್ರೀ! ಅಕ್ಕನ ಸೊಂಟ ಮುರಿದಿದ್ದಕ್ಕೆ ಹೋಗಿದ್ದು, ಬಲ್ಬು ನೋಡೋಕಲ್ಲ. ಬಾ ಅಂತ ಒಂದು ದಿನ, ಒಂದೇ ಒಂದು ದಿನ ಹೇಳಿದ್ರಾ? ನಾಲ್ಕು ತಿಂಗಳು ಬರೀ ಗುಂಡಿ ಡಬ್ಬಿ ಎಲ್ಲಿ, ಗುಂಡಿ ಡಬ್ಬಿ ಎಲ್ಲಿ!"

"ಅದರರ್ಥ ಅದೇ," ಎಂದರು ಮಾಸ್ಟರ್ ನೆಲ ನೋಡುತ್ತ.

"ಗೊತ್ತು. ಅದಕ್ಕೇ ನಾನೂ ದಿನಾ ಒಂದೊಂದು ಸುಳ್ಳು ಜಾಗ ಹೇಳ್ತಿದ್ದೆ. ಸಿಕ್ಕಿಬಿಟ್ರೆ ನಾಳೆ ಫೋನು ಮಾಡಲ್ವಲ್ಲ ಅಂತ."

ಬ್ಯಾಟರಿಯ ವಿಷಯವನ್ನು ಆಕೆಯೇ ತೀರ್ಮಾನ ಮಾಡಿದಳು. ಎಂಜಿನಿಯರಮ್ಮನನ್ನು ಕೂರಿಸಿಕೊಂಡು ಮತ್ತೆ ಕೂಡಿ ಭಾಗಿಸಿ, ಮೋಡ ಮುಚ್ಚಿದರೆ ಎರಡು ದಿನ ಸಾಕು, ಬ್ಯಾಟರಿ ಎರಡೇ, ಇಡುವುದು ಗಾಳಿಯಾಡುವ ಹಿತ್ತಿಲ ಜಗಲಿಯಲ್ಲಿ ಎಂದು ಹತ್ತು ನಿಮಿಷದಲ್ಲಿ ಮುಗಿಸಿದಳು. "ಮುಂದಿನ ವಾರ ಬಂದು ಹಾಕ್ತೀವಿ ಮೇಡಂ, ಮನೇಲಿರ್ತೀರಲ್ಲ?" ಎಂದು ಎಂಜಿನಿಯರಮ್ಮ ಕೇಳಿದಳು.

"ನಾನಿರಲ್ಲಮ್ಮ. ನಾಳೆ ಬೆಳಿಗ್ಗೆ ಬಸ್ಸಿಗೇ ಹೋಗ್ಬೇಕು. ಅಕ್ಕ ನಡೆಯೋಕೆ ಇನ್ನೂ ಎರಡು ತಿಂಗಳು ಅಂದಿದಾರೆ ಡಾಕ್ಟ್ರು."

ಮಾಸ್ಟರ್ ಕಿಟಕಿಯ ಪಕ್ಕದ ಸ್ಟೂಲನ್ನು ಸುಮ್ಮನೆ ಒಂದು ಸಲ ಒರೆಸಿದರು. ಆ ದಿನವೆಲ್ಲ ಆಕೆ ಅದರ ಮೇಲೆ ಕೂತು, ನಾಲ್ಕು ತಿಂಗಳಿಂದ ಬಾಕಿ ಬಿದ್ದಿದ್ದ ಕಾಜಾಗಳನ್ನು ಹೊಲಿದಳು. ಮಾಸ್ಟರ್ ಎದುರಿಗೆ ಕೂತು ಎರಡೂ ಬಲದ ತೋಳಿನ ಆ ಅಂಗಿಯ ಹೊಲಿಗೆ ಬಿಚ್ಚಿದರು. ಆರಕ್ಕೆ ಕರೆಂಟು ಹೋಯಿತು. ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮೇಣದಬತ್ತಿ ಹಚ್ಚಲು ಏಳಲಿಲ್ಲ. ಇಬ್ಬರೂ ಕೂತಲ್ಲೇ ಕೂತಿದ್ದರು.

ಮರುದಿನ ಬೆಳಿಗ್ಗೆ ಮಾಸ್ಟರ್ ಚೀಲ ಹೊತ್ತು ಬಸ್ ನಿಲ್ದಾಣದವರೆಗೆ ಬಂದರು. ಹೆಡ್‌ಮೇಡಮ್ಮೂ ಬಂದರು, ಲಾಂಡ್ರಿಯವನೂ ಬಂದ. ತಪ್ಪು ಸುದ್ದಿ ಹಬ್ಬಿಸಿದ ಪಶ್ಚಾತ್ತಾಪಕ್ಕೆ ಅವನು ಆಕೆಯ ಬಟ್ಟೆಯನ್ನೆಲ್ಲ ಪುಕ್ಕಟೆ ಇಸ್ತ್ರಿ ಮಾಡಿ ತಂದಿದ್ದ. ಬಸ್ಸು ಬಂತು. ಆಕೆ ಹತ್ತಿದಳು. ಮಾಸ್ಟರ್ ಚೀಲ ಕೊಡಲು ಮೆಟ್ಟಿಲು ಹತ್ತಿದರು. ಆಕೆ ಕೈಚಾಚಿದಳು. ಮಾಸ್ಟರ್ ಕೊಡಲಿಲ್ಲ.

"ಕೊಡ್ರೀ, ಬಸ್ಸು ಹೊರಡತ್ತೆ."

ಮಾಸ್ಟರ್ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು, ಕೆಳಗೆ ನಿಂತಿದ್ದ ಹೆಡ್‌ಮೇಡಂ ಅವರ ಕೈಗೆ ಹಾಕಿದರು. "ಸೋಲಾರಿನವರು ಬಂದ್ರೆ ತೆಗೆದು ಕೊಡಿ ಮೇಡಂ. ಸ್ಟೂಲಿನ ನೆತ್ತಿ ಮೇಲೆ ಬಲ್ಬು. ನೆರಳು ಬೀಳ್ಬಾರದು." ಇಷ್ಟು ಹೇಳಿ ಒಳಗೆ ಹೋಗಿ ಹೆಂಡತಿಯ ಪಕ್ಕ ಕೂತೇಬಿಟ್ಟರು. ಕೊರಳಲ್ಲಿ ಟೇಪಿತ್ತು, ಕಾಲಲ್ಲಿ ಮನೆಯ ಚಪ್ಪಲಿ. ಬದಲಿಗೆ ತೊಡಲು ಒಂದು ಅಂಗಿಯೂ ಇರಲಿಲ್ಲ.

"ಅಲ್ಲಿಗೆ ಬಂದು ಏನ್ರೀ ಮಾಡ್ತೀರ?" ಎಂದಳು ಆಕೆ, ನಗುವನ್ನು ತುಟಿಯಲ್ಲೇ ಹಿಡಿದು.

"ಅಲ್ಲೂ ಜನ ಬಟ್ಟೆ ಹಾಕ್ಕೋತಾರಲ್ಲ?"

ಬಸ್ಸು ಹೊರಟಿತು. ಕಂಡಕ್ಟರು ಸೀಟು ಸೀಟು ದಾಟಿ ಬಂದು ಮಾಸ್ಟರರ ಮುಂದೆ ನಿಂತ. "ಎಲ್ಲಿಗೆ?"

ಹೆಂಡತಿಯ ಅಕ್ಕನ ಊರಿಗೆ ಮೂವತ್ತು ವರ್ಷದಲ್ಲಿ ಎಷ್ಟು ಸಲ ಹೋಗಿಬಂದವರು. ಆದರೆ ಆ ಗಳಿಗೆಯಲ್ಲಿ ಊರಿನ ಹೆಸರು ನಾಲಗೆಗೆ ಬರಲೇ ಇಲ್ಲ.

"ಇವಳು ಎಲ್ಲಿ ಇಳೀತಾಳೋ, ಅಲ್ಲಿಗೆ," ಎಂದರು.